ಓದುಗರ ಪ್ರಶ್ನೆ: ಹವಾಮಾನ ಬದಲಾದರೆ ಜೀವಿಗಳ ಜೀನೂ ಬದಲಾಗುತ್ತಾ?

ಈ ಬೇಸಿಗೆಯಲ್ಲಿ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಬಿಸಿಲು ಜಾಸ್ತಿಯಾಗಿದೆ, ಮಳೆ ಹೊತ್ತಲ್ಲದ ಹೊತ್ತಿಗೆ ಬರುತ್ತಿದೆ, ಮಾವು ಹೂ ಬಿಡುವ ಕಾಲ ಹಿಂದು ಮುಂದಾಗಿದೆ. ಗಿಡ, ಹುಳು, ಹಕ್ಕಿಗಳು ಇದಕ್ಕೆಲ್ಲ ಹೊಂದಿಕೊಳ್ಳುತ್ತವೆಯೇ ಅಂತ ಕೇಳಿದ್ದೀರಿ. ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇದೊಂದನ್ನೇ ಎತ್ತಿಕೊಂಡಿದ್ದೇನೆ. ನಾನು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವಳು. ಕೀಟಗಳ ಮಾತು ಬಂದಾಗ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಮ್ಮ ಕಡೆ ಕುರಿ, ಜಾಲಿ ಮರ ಎಲ್ಲ ಮೊದಲಿನಿಂದ ಬಿಸಿಲಿಗೆ ಒಗ್ಗಿಕೊಂಡಿವೆ. ಇನ್ನೂ ಬಿಸಿ ಏರಿದರೆ ಇನ್ನೂ ಒಗ್ಗಿಕೊಳ್ಳುತ್ತವೆ ಬಿಡಿ ಅಂತಾರೆ ಊರಿನವರು. ನಿಜವೇ ಮೇಡಂ?
*– ಒಬ್ಬ ರೈತರು, ಚಳ್ಳಕೆರೆ*

ಒಗ್ಗಿಕೊಳ್ಳುವುದರಲ್ಲಿ ಎರಡು ಬಗೆ ಇದೆ. ಅವೆರಡನ್ನೂ ಬೇರೆ ಬೇರೆ ನೋಡಬೇಕು.

ಬಿಸಿಲು ಏರಿದಾಗ ಕುರಿ ನೆರಳು ಹುಡುಕುತ್ತದೆ, ತಲೆ ತಗ್ಗಿಸಿ ಏದುಸಿರು ಬಿಡುತ್ತದೆ, ಜಾಸ್ತಿ ನೀರು ಕುಡಿಯುತ್ತದೆ. ಮರ ಎಲೆ ಉದುರಿಸುತ್ತದೆ. ಇದು ಒಂದು ಜೀವಿ ತನ್ನ ಆಯಸ್ಸಿನಲ್ಲಿ ಮಾಡಿಕೊಳ್ಳುವ ಹೊಂದಾಣಿಕೆ. ಇದಕ್ಕೆ ಒಂದು ಮಿತಿ ಇದೆ. ಕುರಿ ಎಷ್ಟೇ ಬಿಸಿಲು ತಿಂದರೂ ಅದರ ಜೀನ್, ಅಂದರೆ ತಂದೆ ತಾಯಿಯಿಂದ ಮರಿಗೆ ಇಳಿಯುವ ಗುಣಗಳ ಸೂತ್ರ, ಬದಲಾಗಿ ಮರಿಗೆ ಹೋಗುವುದಿಲ್ಲ.

ಇನ್ನೊಂದು ಬಗೆ ಹೀಗೆ. ಹಿಂಡಿನಲ್ಲಿರುವ ಕುರಿಗಳೆಲ್ಲ ಒಂದೇ ತರಹ ಇರುವುದಿಲ್ಲ, ಅದು ನಿಮಗೇ ಚೆನ್ನಾಗಿ ಗೊತ್ತು. ಕೆಲವು ಹುಟ್ಟಿನಿಂದಲೇ ಬಿಸಿಲು ತಾಳುತ್ತವೆ, ಕೆಲವು ಬೇಗ ಸೊರಗುತ್ತವೆ. ಕೆಟ್ಟ ಬೇಸಿಗೆಗಳು ಸಾಲಾಗಿ ಬಂದರೆ ಸೊರಗುವ ಕುರಿ ಕಡಿಮೆ ಮರಿ ಹಾಕುತ್ತದೆ, ಇಲ್ಲವೇ ಸಾಯುತ್ತದೆ. ತಾಳುವ ಕುರಿಯ ಮರಿಗಳು ಹೆಚ್ಚುತ್ತವೆ. ಇಲ್ಲಿ ಯಾವ ಕುರಿಯೂ ಬದಲಾಗಲಿಲ್ಲ, ಬದಲಾದದ್ದು ಹಿಂಡು. ಜೀನ್ ಮಟ್ಟದ ಹೊಂದಾಣಿಕೆ ಅಂದರೆ ಇದೇ. ನಿಮ್ಮೂರಿನವರು 'ಬಿಡಿ' ಅಂದರಲ್ಲ, ಆ ಮಾತಿಗೆ ನನ್ನ ತಕರಾರಿದೆ. ಈ ಎರಡನೇ ದಾರಿಯಲ್ಲಿ ಪ್ರತಿ ಹೆಜ್ಜೆಗೂ ಸಾವು ಇದೆ, ಹುಟ್ಟದೇ ಹೋದ ಮರಿ ಇದೆ. ಅದೂ ಅಲ್ಲದೆ, ತಾಳುವ ಕುರಿ ಹಿಂಡಿನಲ್ಲಿ ಮೊದಲೇ ಇದ್ದರೆ ಮಾತ್ರ ಈ ದಾರಿ ತೆರೆಯುತ್ತದೆ.

ವಸಂತದಲ್ಲಿ ಹೂ ಬೇಗ ಬಿಡುತ್ತಿದೆ, ಕೀಟ ಬೇಗ ಏಳುತ್ತಿದೆ ಎಂಬ ಸುದ್ದಿಗಳನ್ನು ಓದುತ್ತೇವೆ. ಅದು ಬರೀ ಸೆಖೆಯಿಂದ ಆದ ಹೊಂದಾಣಿಕೆಯೋ, ನಿಜವಾಗಿ ಜೀನ್ ಬದಲಾದದ್ದೋ ಅಂತ ವಿಜ್ಞಾನಿಗಳು ಹೇಗೆ ಪತ್ತೆ ಮಾಡುತ್ತಾರೆ?
*– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ*

ಬಂದ ಪ್ರಶ್ನೆಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದು. ಹೂ ಬೇಗ ಬಿಟ್ಟಿತು ಅಂದ ಮಾತ್ರಕ್ಕೆ ಜೀನ್ ಬದಲಾಗಿದೆ ಅಂತ ಹೇಳುವಂತಿಲ್ಲ. ಅದೇ ಗಿಡ ಸೆಖೆಗೆ ಬೇಗ ಹೂ ಬಿಟ್ಟಿರಬಹುದು. ಪತ್ತೆ ಮಾಡುವ ಒಂದು ಮುಖ್ಯ ದಾರಿ ಇದು: ಹಳೆಯ ತಲೆಮಾರು, ಹೊಸ ತಲೆಮಾರು ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ಬಿಸಿಯಲ್ಲಿ, ಒಂದೇ ನೀರಿನಲ್ಲಿ ಬೆಳೆಸಿ ನೋಡಬೇಕು. ಆಗಲೂ ವ್ಯತ್ಯಾಸ ಉಳಿದರೆ ಅದು ಜೀನಿನದು.

ಹಳೆಯ ತಲೆಮಾರನ್ನು ಎಲ್ಲಿಂದ ತರುವುದು? ಗಿಡವಾದರೆ ಬೀಜ ಇಟ್ಟಿರಬೇಕು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕಾಡಾಗಿ ಬೆಳೆಯುವ ಒಂದು ಸಾಸಿವೆ ಜಾತಿಯ ಬೀಜವನ್ನು 1997ರಲ್ಲಿ ಆಯ್ದು ಇಟ್ಟಿದ್ದರು. 2000ದಿಂದ 2004ರವರೆಗೆ ಅಲ್ಲಿ ಬರ ಬಂತು, ಮಳೆಗಾಲ ಬೇಗ ಮುಗಿಯತೊಡಗಿತು. 2004ರಲ್ಲಿ ಅದೇ ಜಾಗಗಳಿಂದ ಮತ್ತೆ ಬೀಜ ತಂದರು. ಎರಡನ್ನೂ ಮೊದಲು ಒಂದು ತಲೆಮಾರು ಒಟ್ಟಿಗೆ ಬೆಳೆಸಿದರು. ಇಲ್ಲದಿದ್ದರೆ ತಾಯಿ ಗಿಡದ ಪೋಷಣೆಯ ಗುಣ, ಬೀಜ ಹಳೆಯದಾದ ದೋಷ ಎಲ್ಲ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಆಮೇಲೆ ಅಕ್ಕಪಕ್ಕ ಬೆಳೆಸಿ ಹೂ ಬಿಡುವ ದಿನ ಗುರುತು ಹಾಕಿದರು. ಬರ ಕಂಡ ಸಂತತಿ ಒಂದು ಜಾಗದಲ್ಲಿ 1.9 ದಿನ, ಇನ್ನೊಂದು ಜಾಗದಲ್ಲಿ 8.6 ದಿನ ಮೊದಲೇ ಹೂ ಬಿಟ್ಟಿತು. ಹಳೆಯದನ್ನೂ ಹೊಸದನ್ನೂ ಸೇರಿಸಿ ತಳಿ ಮಾಡಿದರೆ ಅದು ಎರಡರ ನಡುವೆ ಹೂ ಬಿಟ್ಟಿತು. ವರ್ಷಕ್ಕೊಂದು ತಲೆಮಾರಿನ ಗಿಡ, ಬರೀ ಏಳು ವರ್ಷ. ಈ ಕೆಲಸ 2007ರಲ್ಲಿ ಪ್ರಕಟವಾಯಿತು.

ಕೀಟದ ಮೊಟ್ಟೆಯನ್ನು ಹೀಗೆ ಡಬ್ಬಿಯಲ್ಲಿ ಇಡಲು ಬರುವುದಿಲ್ಲ. ಅಲ್ಲಿ ಹಳೆಯ ದಾಖಲೆ ಕೆಲಸಕ್ಕೆ ಬರುತ್ತದೆ. ಇದಕ್ಕೆ ಎರಡು ಕಥೆ ಹೇಳುತ್ತೇನೆ.

ಮೊದಲನೆಯದು ಒಂದು ಸೊಳ್ಳೆಯದು. ಉತ್ತರ ಅಮೆರಿಕದಲ್ಲಿ ನೆಲಕ್ಕೆ ಹತ್ತಿ ಬೆಳೆಯುವ ಒಂದು ಹೂಜಿ ಗಿಡ ಇದೆ. ಅದರ ಎಲೆಯೇ ಹೂಜಿ, ಅದರೊಳಗೆ ಮಳೆ ನೀರು ನಿಲ್ಲುತ್ತದೆ. ವೈಯೋಮಿಯಾ ಸ್ಮಿಥಿ ಎಂಬ ಪುಟ್ಟ ಸೊಳ್ಳೆ ಆ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಅಲ್ಲೇ ಬೆಳೆಯುತ್ತದೆ. ಚಳಿಗಾಲ ಬರುವ ಮೊದಲು ಅದು ಬೆಳವಣಿಗೆ ನಿಲ್ಲಿಸಿ ನಿದ್ದೆಗೆ ಇಳಿಯಬೇಕು, ಇಲ್ಲದಿದ್ದರೆ ಸತ್ತೇ ಹೋಗುತ್ತದೆ. ಯಾವಾಗ ಇಳಿಯಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ನಮ್ಮ ರೈತರು ಬಿತ್ತನೆಗೆ ಮಳೆ ನಕ್ಷತ್ರ ನೋಡುವ ಹಾಗೆ ಈ ಮರಿ ಹಗಲಿನ ಉದ್ದ ನೋಡುತ್ತದೆ. ಹಗಲು ಇಷ್ಟು ಗಂಟೆಗಿಂತ ಚಿಕ್ಕದಾಯಿತೋ, ನಿದ್ದೆಗೆ ಹೊರಡು. ಆ 'ಇಷ್ಟು ಗಂಟೆ' ಎಷ್ಟು ಎಂಬುದು ಅದರ ಜೀನಿನಲ್ಲಿ ಇರುತ್ತದೆ.

ಈಗ ತೊಡಕು ನೋಡಿ. ಭೂಮಿ ಬಿಸಿಯಾದರೂ ಹಗಲಿನ ಉದ್ದ ಬದಲಾಗುವುದಿಲ್ಲ. ಚಳಿಗಾಲ ಮಾತ್ರ ತಡವಾಗಿ ಬರುತ್ತದೆ. ಹಳೆಯ ಲೆಕ್ಕದಂತೆ ಮಲಗುವ ಮರಿ ಇನ್ನೂ ಬೆಚ್ಚಗಿರುವಾಗಲೇ, ಇನ್ನೂ ತಿಂದು ಬೆಳೆಯಬಹುದಾದ ಹೊತ್ತಿನಲ್ಲೇ ಮಲಗಿಬಿಡುತ್ತದೆ. ಸ್ವಲ್ಪ ಕಾಯುವ ಜೀನ್ ಇರುವ ಮರಿಗೆ ಲಾಭ. ಆರೆಗನ್ ವಿಶ್ವವಿದ್ಯಾಲಯದ ವಿಲಿಯಂ ಬ್ರಾಡ್‌ಶಾ, ಕ್ರಿಸ್ಟಿನಾ ಹೋಲ್ಟ್ಸಾಪ್ಫೆಲ್ ಎಂಬ ದಂಪತಿ 1972ರಿಂದ ಈ ಸೊಳ್ಳೆಯನ್ನು ಪ್ರಯೋಗಾಲಯಕ್ಕೆ ತಂದು, ಕೃತಕ ಬೆಳಕಿನಲ್ಲಿ ಹಗಲನ್ನು ಉದ್ದ ಗಿಡ್ಡ ಮಾಡಿ ಅಳೆದಿದ್ದರು. 1972ರ ಅಳತೆಯ ಪಕ್ಕದಲ್ಲಿ 1996ರ ಅಳತೆ ಇಟ್ಟು ನೋಡಿದಾಗ, 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಆ ಗಡುವು 36 ನಿಮಿಷದಷ್ಟು ಕಡಿಮೆಯಾಗಿತ್ತು. ಅಂದರೆ ಸೊಳ್ಳೆ ಒಂಬತ್ತು ದಿನ ತಡವಾಗಿ ಮಲಗುತ್ತಿತ್ತು. ಉತ್ತರಕ್ಕೆ ಹೋದಷ್ಟೂ ಬದಲಾವಣೆ ಜಾಸ್ತಿ. ಪ್ರಯೋಗಾಲಯದ ಬಿಸಿ, ಬೆಳಕು, ಆಹಾರ ಎಲ್ಲ ಒಂದೇ ಇದ್ದುದರಿಂದ ಇದು ಜೀನಿನ ಬದಲಾವಣೆಯೇ. 2001ರಲ್ಲಿ ಈ ಪ್ರಬಂಧ ಬಂದಾಗ, ಭೂಮಿ ಬಿಸಿಯಾಗುತ್ತಿರುವುದಕ್ಕೆ ಜೀನ್ ಮಟ್ಟದಲ್ಲಿ ಉತ್ತರ ಕೊಟ್ಟ ಜೀವಿ ಸಿಕ್ಕಿತು ಅಂತ ದೊಡ್ಡ ಸುದ್ದಿಯಾಯಿತು.

ಸಾಸಿವೆ ಮತ್ತು ಸೊಳ್ಳೆಯನ್ನು ಜೊತೆಗಿಟ್ಟು ನೋಡಿ. ಎರಡರಲ್ಲೂ ಬದಲಾದದ್ದು ಸೆಖೆ ತಾಳುವ ಶಕ್ತಿಯಲ್ಲ, ಹೊತ್ತು ಹಿಡಿಯುವ ಗುಣ. ಹವಾಮಾನ ಅಂದ ಕೂಡಲೇ ನಾವು ಥರ್ಮಾಮೀಟರ್ ನೋಡುತ್ತೇವೆ. ಆದರೆ ಈ ಜೀವಿಗಳಿಗೆ ಮೊದಲು ತೊಂದರೆ ಕೊಡುವುದು ಋತು ಜಾರುವುದು ಎಂದು ಬ್ರಾಡ್‌ಶಾ ದಂಪತಿ ಮತ್ತೆ ಮತ್ತೆ ಬರೆದಿದ್ದಾರೆ. ನನಗೂ ಇದು ಸರಿ ಅನ್ನಿಸುತ್ತದೆ.

ಎರಡನೇ ಕಥೆ ಹಣ್ಣುನೊಣದ್ದು. ನಾನು ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಅಲ್ಲಿ ಡ್ರೊಸೊಫಿಲಾ ನೊಣಗಳ ಸಂಗ್ರಹ ಕೇಂದ್ರವೇ ಇದೆ. ರವೆ, ಬೆಲ್ಲ, ಅಗರ್ ಹಾಕಿ ಗಂಜಿ ಕುದಿಸಿ, ಹಾಲಿನ ಬಾಟಲಿಗೆ ಸುರಿದು, ಹತ್ತಿ ಬಿರಡೆ ಹಾಕಿ ನೊಣ ಸಾಕುತ್ತಿದ್ದೆವು. ಆ ಕಾರಿಡಾರಿನಲ್ಲಿ ಹುಳಿ ಬೆಲ್ಲದ ವಾಸನೆ ಸದಾ ಇರುತ್ತಿತ್ತು.

ಆಗ ಕಲಿತ ಒಂದು ಕೆಲಸ ಇಲ್ಲಿ ಹೇಳಲೇಬೇಕು. ಕೊಬ್ಬಿದ ಮರಿಹುಳುವೊಂದನ್ನು ಬಾಟಲಿಯ ಗೋಡೆಯಿಂದ ಎತ್ತಿ, ಸ್ಲೈಡಿನ ಮೇಲೆ ಒಂದು ಹನಿ ಉಪ್ಪುನೀರಿನಲ್ಲಿ ಇಡಬೇಕು. ಒಂದು ಸೂಜಿಯಿಂದ ಮೈ ಒತ್ತಿ ಹಿಡಿದು, ಇನ್ನೊಂದರಿಂದ ಬಾಯಿಯ ಕಪ್ಪು ಕೊಕ್ಕೆಯನ್ನು ಮೆಲ್ಲನೆ ಎಳೆದರೆ, ಅದರ ಜೊತೆ ಜೊಲ್ಲುಗ್ರಂಥಿ ಎರಡೂ ಜಾರಿ ಬರುತ್ತವೆ. ಗಾಜಿನ ಹಾಗೆ ತಿಳಿ, ಪಕ್ಕದಲ್ಲಿ ಬಿಳಿ ಕೊಬ್ಬಿನ ಪಟ್ಟಿ ಅಂಟಿರುತ್ತದೆ, ಅದನ್ನು ಬಿಡಿಸಬೇಕು. ಆರ್ಸೀನ್ ಬಣ್ಣದಲ್ಲಿ ನೆನೆಸಿ, ಕವರ್ ಸ್ಲಿಪ್ ಹೊದಿಸಿ, ಬ್ಲಾಟಿಂಗ್ ಕಾಗದ ಇಟ್ಟು ಹೆಬ್ಬೆರಳಿನಿಂದ ನೇರ ಒತ್ತಬೇಕು. ಬೆರಳು ಸ್ವಲ್ಪ ಜಾರಿದರೂ ಎಲ್ಲ ಸುರುಳಿಯಾಗಿ ಹಾಳು. ಸರಿಯಾಗಿ ಬಂದರೆ ಸೂಕ್ಷ್ಮದರ್ಶಕದಲ್ಲಿ ಜೀನುಗಳನ್ನು ಹೊತ್ತ ವರ್ಣತಂತುಗಳು ಕಡುಗೆಂಪು ಅಡ್ಡ ಪಟ್ಟೆಗಳ ಜೊತೆ ದೊಡ್ಡ ದೊಡ್ಡದಾಗಿ ಕಾಣುತ್ತವೆ. ಕೆಲವು ಕಡೆ ತಂತು ನೇರ ಹೋಗದೆ ಒಂದು ಕುಣಿಕೆ ಹಾಕಿಕೊಂಡಿರುತ್ತದೆ. ತಂದೆಯಿಂದ ಬಂದ ತಂತುವಿನಲ್ಲಿ ಒಂದು ಭಾಗ ತಿರುಗುಮುರುಗಾಗಿದ್ದು, ತಾಯಿಯಿಂದ ಬಂದದ್ದರಲ್ಲಿ ನೇರ ಇದ್ದರೆ ಹೀಗಾಗುತ್ತದೆ. ತಿರುಗಿದ ಆ ಭಾಗದ ಜೀನುಗಳು ಹೆಚ್ಚುಕಡಿಮೆ ಒಟ್ಟಾಗಿಯೇ ಮುಂದಿನ ತಲೆಮಾರಿಗೆ ಹೋಗುತ್ತವೆ.

ಯುರೋಪಿನ ಡ್ರೊಸೊಫಿಲಾ ಸಬ್‌ಅಬ್‌ಸ್ಕ್ಯೂರಾ ಎಂಬ ನೊಣದಲ್ಲಿ ಇಂಥ ತಿರುವುಗಳು ಹಲವಾರು. ಬೆಚ್ಚಗಿನ ದಕ್ಷಿಣದಲ್ಲಿ ಕೆಲವು ಜಾಸ್ತಿ, ತಣ್ಣಗಿನ ಉತ್ತರದಲ್ಲಿ ಬೇರೆ ಕೆಲವು ಜಾಸ್ತಿ. ಈ ನೊಣ ಮನುಷ್ಯರ ಸಾಮಾನಿನ ಜೊತೆ ಸಮುದ್ರ ದಾಟಿ 1978ರಲ್ಲಿ ಚಿಲಿ ದೇಶದಲ್ಲಿ, 1982ರಲ್ಲಿ ಉತ್ತರ ಅಮೆರಿಕದಲ್ಲಿ ಕಾಣಿಸಿಕೊಂಡಿತು. ಅಲ್ಲೂ ಸ್ವಲ್ಪ ವರ್ಷದಲ್ಲೇ ಅದೇ ಏರ್ಪಾಡು ಮೂಡಿತು: ಬಿಸಿ ಕಡೆ ಬಿಸಿಯ ತಿರುವು, ತಂಪು ಕಡೆ ತಂಪಿನದು. ಹಿಂದಿನ ಸಂಶೋಧಕರು ಎಣಿಸಿ ಬರೆದಿಟ್ಟ ಊರುಗಳಿಗೇ ಮತ್ತೆ ಹೋಗಿ, ನೊಣ ಹಿಡಿದು, ಮತ್ತೆ ಎಣಿಸಿದರು. ಮೂರು ಖಂಡಗಳ 26 ಜಾಗ, ನಡುವೆ ಸರಾಸರಿ 24 ವರ್ಷ. 22 ಜಾಗಗಳಲ್ಲಿ ಹವೆ ಬಿಸಿಯಾಗಿತ್ತು. ಆ 22ರಲ್ಲಿ 21 ಕಡೆ ಬಿಸಿ ಸೀಮೆಯ ತಿರುವುಗಳೇ ಹೆಚ್ಚಿದ್ದವು. 2006ರಲ್ಲಿ ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಯಾವ ಡಿಎನ್ಎ ಯಂತ್ರವೂ ಇಲ್ಲದೆ, ಸೂಜಿ, ಬಣ್ಣ, ಹೆಬ್ಬೆರಳು ನಂಬಿ ಕೆಲಸ ಮಾಡಿದ ಹಳಬರ ನೋಟ್‌ಬುಕ್ ಇಲ್ಲದಿದ್ದರೆ ಈ ಉತ್ತರ ಸಿಗುತ್ತಲೇ ಇರಲಿಲ್ಲ. ನೀವು ಈಗ ಮಾಡುವ ಎಣಿಕೆಯನ್ನೂ ಜಾಗ, ತಿಂಗಳು, ವರ್ಷ ಹಾಕಿ ಬರೆದಿಡಿ.

ಒಂದು ಬರಗಾಲ ಬಂದರೆ ಸಾಕೇ, ಇಲ್ಲ ನೂರಾರು ವರ್ಷ ಬೇಕೇ?
*– ಬ್ಯಾಂಕ್ ಉದ್ಯೋಗಿ, ಹೊಸಪೇಟೆ*

ಒಂದೇ ಬರ ಸಾಕಾದ ಉದಾಹರಣೆ ಇದೆ. ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳಲ್ಲಿ ಡಾಫ್ನೆ ಮೇಜರ್ ಎಂಬ ಸಣ್ಣ ನಡುಗಡ್ಡೆ. ಪೀಟರ್ ಗ್ರ್ಯಾಂಟ್, ರೋಸ್‌ಮೆರಿ ಗ್ರ್ಯಾಂಟ್ ದಂಪತಿಯ ತಂಡ ಅಲ್ಲಿನ ಫಿಂಚ್ ಹಕ್ಕಿಗಳ ಕಾಲಿಗೆ ಬಳೆ ಹಾಕಿ, ಕೊಕ್ಕು ಅಳೆದು ಲೆಕ್ಕ ಇಟ್ಟಿತ್ತು. 1977ರಲ್ಲಿ ಮಳೆ ಕೈಕೊಟ್ಟಿತು. ಸಣ್ಣ ಮೆತ್ತನೆಯ ಬೀಜ ಮುಗಿದು ಹೋಯಿತು. ಉಳಿದದ್ದು ಗಟ್ಟಿ ಬೀಜ, ಅದರಲ್ಲೂ ನಮ್ಮ ಹೊಲದ ಬದುವಿನಲ್ಲಿ ಅಂಗಾಲಿಗೆ ಚುಚ್ಚುವ ನೆಗ್ಗಿಲ ಮುಳ್ಳಿನ ಬಳಗದ್ದೇ ಒಂದು ಗಿಡದ ಕಾಯಿ. ಅದನ್ನು ಒಡೆಯಲು ದಪ್ಪ ಕೊಕ್ಕು ಬೇಕು. ಆ ಒಂದೂವರೆ ವರ್ಷದಲ್ಲಿ ಮಧ್ಯಮ ಗಾತ್ರದ ನೆಲಫಿಂಚ್‌ಗಳಲ್ಲಿ ನೂರಕ್ಕೆ ಸುಮಾರು 85 ಸತ್ತವು. ಉಳಿದವುಗಳ ಕೊಕ್ಕು ಮೊದಲಿನ ಸರಾಸರಿಗಿಂತ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಕೊಕ್ಕಿನ ಗಾತ್ರ ತಂದೆ ತಾಯಿಯಿಂದ ಬರುವುದರಿಂದ ಮರಿಗಳಲ್ಲೂ ಅದು ಕಾಣಿಸಿತು.

ಆದರೆ 1983ರಲ್ಲಿ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗುವುದರಿಂದ ಬರುವ ಮಳೆ, ಅಲ್ಲಿ ವಿಪರೀತ ಸುರಿಯಿತು. ಬಳ್ಳಿಗಳು ಹಬ್ಬಿ ಸಣ್ಣ ಬೀಜ ರಾಶಿ ಬಿತ್ತು. ಮುಂದಿನ ಒಣ ವರ್ಷದಲ್ಲಿ ಗೆದ್ದದ್ದು ಸಣ್ಣ ಕೊಕ್ಕು. ದಿಕ್ಕೇ ತಿರುಗಿಬಿಟ್ಟಿತು. ಹಾಗಾಗಿ ಇದನ್ನು ಭೂಮಿ ಬಿಸಿಯಾಗುತ್ತಿರುವುದಕ್ಕೆ ಸಾಕ್ಷಿ ಅಂತ ಹೇಳಲಾಗದು. ಬರ ಒಂದು ಹಿಂಡನ್ನು ಎಷ್ಟು ಬೇಗ ಬದಲಿಸಬಲ್ಲದು, ಎಷ್ಟು ಜೀವ ತೆಗೆದು ಬದಲಿಸುತ್ತದೆ ಅನ್ನುವುದಕ್ಕೆ ಮಾತ್ರ ಸಾಕ್ಷಿ. ನೂರಕ್ಕೆ 85 ಎಂಬ ಸಂಖ್ಯೆಯನ್ನು ಸುಮ್ನೆ ಓದಿ ಮುಂದೆ ಹೋಗಬೇಡಿ. ಹಿಂಡು ಮೊದಲೇ ಚಿಕ್ಕದಿದ್ದರೆ ಉಳಿಯುವ 15ರಲ್ಲಿ ಹೆಣ್ಣೆಷ್ಟು, ಗಂಡೆಷ್ಟು? ಬದಲಾಗುವ ಮೊದಲೇ ಅಳಿದುಹೋಗುವ ಹಿಂಡುಗಳೇ ಜಾಸ್ತಿ ಆಗಬಹುದು ಎಂಬ ಭಯ ನನಗಿದೆ.

ನಮ್ಮ ಕಾಫಿ ತೋಟದಲ್ಲಿ ಹೂ ಅರಳಿಸುವ ಹೂ ಮಳೆ ಬೀಳುತ್ತದೆ, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಕೈಕೊಡುತ್ತದೆ. ಅರೇಬಿಕಾ ಸೊರಗುತ್ತಿದೆ, ಕಾಂಡ ಕೊರಕ ಹುಳು ಮಾತ್ರ ಚೆನ್ನಾಗಿದೆ. ಕಾಫಿ ಗಿಡ ಯಾಕೆ ತಾನಾಗಿ ಹೊಂದಿಕೊಳ್ಳುತ್ತಿಲ್ಲ?
*– ಬೆಳೆಗಾರರು, ಮೂಡಿಗೆರೆ*

ಹೊಂದಿಕೊಳ್ಳಲು ಅದಕ್ಕೆ ನಾವು ಅವಕಾಶವನ್ನೇ ಕೊಟ್ಟಿಲ್ಲ ಸ್ವಾಮಿ. ಮೇಲೆ ಹೇಳಿದ ಸಾಸಿವೆ ವರ್ಷಕ್ಕೊಮ್ಮೆ ಬಿತ್ತನೆಯಾಗಿ ಸಾಯುತ್ತದೆ. ನಿಮ್ಮ ಅರೇಬಿಕಾ ಗಿಡ ದಶಕಗಟ್ಟಲೆ ನಿಂತಿರುತ್ತದೆ. ಮುಂದಿನ ತಲೆಮಾರು ಯಾವುದು ಎಂದು ತೀರ್ಮಾನ ಮಾಡುವುದು ಬರವಲ್ಲ, ನರ್ಸರಿಯಿಂದ ಸಸಿ ತರುವ ನೀವು.

ಇನ್ನೊಂದು ದೊಡ್ಡ ಕಾರಣ ಗಿಡದ ಒಳಗೇ ಇದೆ. ಅರೇಬಿಕಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಅದರ ಮೇಲೆ, ಜಗತ್ತಿನ ಅರೇಬಿಕಾ ತೋಟಗಳ ಬಹುಪಾಲು ಯೆಮೆನ್‌ನಿಂದ ಹೊರಬಿದ್ದ ಕೆಲವೇ ಬೀಜಗಳ ಸಂತತಿ. ಬಾಬಾ ಬುಡನ್ ಏಳು ಬೀಜ ತಂದರು ಎಂಬ ನಮ್ಮ ಕಡೆಯ ಐತಿಹ್ಯ ಇದೇ ಮಾತನ್ನು ಹೇಳುತ್ತದೆ. ಗಿಡದಿಂದ ಗಿಡಕ್ಕೆ ವ್ಯತ್ಯಾಸ ಕಡಿಮೆ ಅಂದಮೇಲೆ ಆರಿಸಲು ಏನಿದೆ? ರೋಬಸ್ಟಾ ಎಂಬ ಇನ್ನೊಂದು ಕಾಫಿ ಜಾತಿಯಲ್ಲಿ ಹಾಗಲ್ಲ. ಅದಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು, ಹಾಗಾಗಿ ಒಂದೊಂದು ಗಿಡವೂ ಒಂದೊಂದು ಥರ.

ತಾನಾಗಿ ಆಗದ್ದನ್ನು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಕೈಯಾರೆ ಮಾಡಿದ್ದಾರೆ. 1925ರಲ್ಲಿ ಶುರುವಾದ ಕೇಂದ್ರ ಅದು. ನಿಮ್ಮಲ್ಲಿ ಹಲವರು ಬೆಳೆಯುವ ಎಸ್.795 ತಳಿಯಲ್ಲಿ ಲೈಬೀರಿಕಾ ಎಂಬ ಬೇರೆಯೇ ಕಾಫಿ ಜಾತಿಯ ಜೀನ್ ಸೇರಿದೆ, ಎಲೆ ತುಕ್ಕು ರೋಗ ತಡೆಯಲಿ ಅಂತ. ಮುಂದೆ ಬಿಸಿ, ಬರ ತಾಳುವ ಗುಣ ಬೇಕಾದರೂ ಕಾಡು ಕಾಫಿಗಳ ಕಡೆಗೇ ನೋಡಬೇಕು. ಇಥಿಯೋಪಿಯಾದ ಕಾಡುಗಳಲ್ಲಿ ಅರೇಬಿಕಾ ಇನ್ನೂ ಕಾಡು ಗಿಡವಾಗಿಯೇ ಇದೆ. ಆ ಕಾಡು ಉಳಿಯುವುದು ಮೂಡಿಗೆರೆಯ ಬೆಳೆಗಾರರಿಗೂ ಸಂಬಂಧಪಟ್ಟ ವಿಷಯ. ಇನ್ನು ಕೊರಕದ ಮಾತು: ನಿಮ್ಮ ಒಂದು ಗಿಡದ ಆಯಸ್ಸಿನಲ್ಲಿ ಅದು ಹತ್ತಾರು ತಲೆಮಾರು ಕಳೆಯುತ್ತದೆ. ಬದಲಾಗುವ ಅವಕಾಶ ಅದಕ್ಕೆ ಅಷ್ಟು ಸಲ ಸಿಗುತ್ತದೆ. ಕೆರೆ ಮೀನಿಗೂ ಕೊಕ್ಕರೆಗೂ, ಹುಲ್ಲಿಗೂ ಮರಕ್ಕೂ ಇರುವ ಅಂತರ ಇದೇ.

ಮನುಷ್ಯರ ಜೀನ್ ಬದಲಾಗಿ ಸೆಖೆ ತಾಳುವಂತೆ ಆಗುತ್ತೇವಾ?
*– ಬೆಂಗಳೂರು*

ಈ ಶತಮಾನದಲ್ಲಿ ಇಲ್ಲ. ನಮ್ಮ ಒಂದು ತಲೆಮಾರಿಗೆ 25ರಿಂದ 30 ವರ್ಷ ಬೇಕು. ನೆರಳು, ನೀರು, ಮಧ್ಯಾಹ್ನದ ಕೆಲಸ ನಿಲ್ಲಿಸುವುದು, ನಮಗಿರುವ ದಾರಿ ಅಷ್ಟೇ.

ನಮ್ಮ ಕಾಸರಕೋಡು ಕಡಲ ತೀರಕ್ಕೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಳು ಬಿಸಿಯಾದರೆ ಹೆಣ್ಣು ಮರಿಗಳೇ ಹುಟ್ಟುತ್ತವೆ ಅಂತ ಟೀಚರ್ ಹೇಳಿದರು. ಆಮೆ ಬದಲಾಗುತ್ತದಾ ಆಂಟಿ?
*– ಎಂಟನೇ ತರಗತಿ, ಹೊನ್ನಾವರ*

ನಿಮ್ಮ ಟೀಚರ್ ಹೇಳಿದ್ದು ಸರಿ ಪುಟ್ಟಾ. ಕಡಲಾಮೆ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಗೂಡಿನ ಬಿಸಿ. ಸುಮಾರು 29 ಡಿಗ್ರಿಯ ಆಸುಪಾಸಿನಲ್ಲಿ ಎರಡೂ ಹುಟ್ಟುತ್ತವೆ, ಅದಕ್ಕಿಂತ ಬಿಸಿಯಾದಷ್ಟೂ ಹೆಣ್ಣು ಜಾಸ್ತಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ತೀರಗಳಲ್ಲಿ ಹುಟ್ಟಿದ ಎಳೆಯ ಹಸಿರು ಕಡಲಾಮೆಗಳನ್ನು ಪರೀಕ್ಷಿಸಿದಾಗ ನೂರಕ್ಕೆ 99ಕ್ಕಿಂತ ಜಾಸ್ತಿ ಹೆಣ್ಣೇ ಇದ್ದವು. ಅದು 2018ರಲ್ಲಿ ಪ್ರಕಟವಾದ ಸುದ್ದಿ. ಮೊಟ್ಟೆಯಿಂದ ಬಂದ ಆಮೆ ತಾನು ಮೊಟ್ಟೆ ಇಡಲು ಹತ್ತು ವರ್ಷಕ್ಕೂ ಜಾಸ್ತಿ ಬೇಕು, ಹಸಿರು ಆಮೆಗೆ ಇನ್ನೂ ಎಷ್ಟೋ ವರ್ಷ. ಸೊಳ್ಳೆಯ ಹಾಗೆ ಬೇಗ ಬದಲಾಗಲು ಅದಕ್ಕೆ ಆಗುವುದಿಲ್ಲ. ತಂಪಿರುವ ತಿಂಗಳಲ್ಲಿ ಬಂದು ಮೊಟ್ಟೆ ಇಡುವುದು, ಸ್ವಲ್ಪ ಆಳಕ್ಕೆ ತೋಡುವುದು, ಇಂಥ ಉಪಾಯ ಅದಕ್ಕೆ ಇದೆ. ಗೂಡು ಕಾಯುವವರು ಬಿಸಿ ಜಾಸ್ತಿಯಾದರೆ ನೆರಳು ಕಟ್ಟಬಹುದು. ನಿನ್ನ ತೀರಕ್ಕೆ ಬರುವುದು ಆಲಿವ್ ರಿಡ್ಲೆ ಆಮೆ. ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಯವರಿಗೆ ತಿಳಿಸು.

ಹೈಸ್ಕೂಲ್ ಮಕ್ಕಳಿಂದ ಇಂಥ ಪ್ರಯೋಗ ಮಾಡಿಸಲು ಸಾಧ್ಯವೇ? ನಮ್ಮಲ್ಲಿ ಪ್ರಯೋಗಾಲಯ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.
*– ವಿಜ್ಞಾನ ಶಿಕ್ಷಕರು, ಕೊಪ್ಪಳ ಜಿಲ್ಲೆ*

ಖಂಡಿತ ಸಾಧ್ಯ. ಸಾಸಿವೆಯ ಪ್ರಯೋಗಕ್ಕೆ ಬೇಕಾದದ್ದು ಬೀಜ ಮತ್ತು ತಾಳ್ಮೆ. ಅಮೆರಿಕದಲ್ಲಿ ಇದೇ ಆಲೋಚನೆಯಿಂದ ಪ್ರಾಜೆಕ್ಟ್ ಬೇಸ್‌ಲೈನ್ ಎಂಬ ಹೆಸರಿನಲ್ಲಿ ಕಾಡು ಗಿಡಗಳ ಬೀಜ ಕೂಡಿಟ್ಟಿದ್ದಾರೆ, ಮುಂದಿನ ವಿಜ್ಞಾನಿಗಳು ಬಿತ್ತಿ ಹೋಲಿಸಲಿ ಅಂತ.

ನಿಮ್ಮ ಶಾಲೆಯ ಬೇಲಿ ಪಕ್ಕದ ತುಂಬೆ ಗಿಡ ಆರಿಸಿಕೊಳ್ಳಿ. ಅದು ಮಳೆಗೆ ಹುಟ್ಟಿ ಅದೇ ವರ್ಷ ಒಣಗುವ ಗಿಡ, ಯಾರೂ ಬಿತ್ತುವುದಿಲ್ಲ, ತಳಿ ಆರಿಸುವುದಿಲ್ಲ. ಬೆಳೆ ಗಿಡ ಬೇಡ, ಅಲ್ಲಿ ನಮ್ಮ ಕೈವಾಡ ಜಾಸ್ತಿ. ಒಂದೇ ಗಿಡದ ಬೀಜ ತೆಗೆಯಬೇಡಿ. ಕನಿಷ್ಠ ಐವತ್ತು ಗಿಡಗಳಿಂದ, ದೂರ ದೂರ ಇರುವಂಥವುಗಳಿಂದ ತೆಗೆಯಿರಿ. ದಷ್ಟಪುಷ್ಟ ಗಿಡಗಳನ್ನೇ ಹುಡುಕದೆ ಕಾಲಿಗೆ ಸಿಕ್ಕಿದ್ದನ್ನೆಲ್ಲ ತೆಗೆಯಿರಿ, ಬಡಕಲು ಗಿಡವೂ ಬೇಕು. ಒಂದೊಂದು ಗಿಡದ್ದನ್ನು ಒಂದೊಂದು ಕಾಗದದ ಪೊಟ್ಟಣದಲ್ಲಿ ಹಾಕಿ, ನೆರಳಲ್ಲಿ ಒಣಗಿಸಿ. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಟ್ಟು, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನ ಕೆಳತಟ್ಟಿನಲ್ಲಿ ಇಡಿ. ಪೊಟ್ಟಣದ ಮೇಲೆ ಊರು, ಜಾಗ, ತಾರೀಕು ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ.

ಐದಾರು ವರ್ಷ ಬಿಟ್ಟು ಅದೇ ಬೇಲಿಯಿಂದ ಹೊಸ ಬೀಜ ತನ್ನಿ. ಹಳೆಯದು, ಹೊಸದು ಎರಡನ್ನೂ ಒಂದೇ ಮಡಿಯಲ್ಲಿ ಬಿತ್ತಿ, ಆ ಗಿಡಗಳ ಬೀಜ ತೆಗೆದು, ಆ ಬೀಜವನ್ನು ಮರುವರ್ಷ ಮತ್ತೆ ಬಿತ್ತಿ. ಲೆಕ್ಕ ಇಡಬೇಕಾದದ್ದು ಈ ಎರಡನೇ ಬಿತ್ತನೆಯಲ್ಲಿ. ಹಳೆಯ ಸಾಲು, ಹೊಸ ಸಾಲು ಅಂತ ಬೇರೆ ಮಾಡದೆ ಕಲಸಿ ನೆಡಿ, ಇಲ್ಲದಿದ್ದರೆ ಒಂದು ಸಾಲಿಗೆ ನೀರು ಜಾಸ್ತಿ ಹೋದರೂ ಜೀನ್ ಬದಲಾಗಿದೆ ಅಂತ ಮಕ್ಕಳು ಬರೆದುಬಿಡುತ್ತಾರೆ. ಒಂದೊಂದು ಗಿಡಕ್ಕೂ ನಂಬರ್ ಕಟ್ಟಿ, ಯಾವುದು ಹಳೆಯದು ಯಾವುದು ಹೊಸದು ಎಂಬ ಪಟ್ಟಿ ನಿಮ್ಮ ಹತ್ತಿರ ಮಾತ್ರ ಇರಲಿ. ಮೊದಲ ಬಿಳಿ ಹೂ ಅರಳಿದ ದಿನವನ್ನು ಮಕ್ಕಳು ಬರೆಯಲಿ. ನೀವು ಅಷ್ಟರಲ್ಲಿ ಬೇರೆ ಶಾಲೆಗೆ ವರ್ಗವಾಗಿರಬಹುದು, ಹಾಗಾಗಿ ಪೊಟ್ಟಣಗಳ ವಿವರವನ್ನು ಶಾಲೆಯ ದಾಸ್ತಾನು ಪುಸ್ತಕದಲ್ಲೂ ಒಂದು ಸಾಲು ಬರೆಸಿಡಿ.